ಅಪ್ಪ ಹೇಳಿಕೊಟ್ಟ ಕೈನೋವು

ನಮ್ಮಪ್ಪ ರಾಗಿ ಅಳೆಯುವಾಗ ಮೊದಲ ಸೇರನ್ನು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು. ನಾನು ತುಮಕೂರಿನ ಮೆಡಿಕಲ್ ಕಾಲೇಜೊಂದರಲ್ಲಿ ಪಾಠ ಮಾಡಲು ಸೇರಿದ ಮೇಲೆ ನನ್ನ ಸಂಶೋಧನಾ ಪೇಪರುಗಳನ್ನೂ ಹಾಗೆಯೇ ಎಣಿಸತೊಡಗಿದರು. ಉಪ್ಪಾರಹಳ್ಳಿಯ ನನ್ನ ಬಾಡಿಗೆ ಮನೆಗೆ ಬಂದಾಗಲೆಲ್ಲ ಮೇಜಿನ ಮೇಲಿನ ಪ್ರಿಂಟುಗಳನ್ನು ಎತ್ತಿ ಎತ್ತಿ ಇಟ್ಟು, "ಲಾಭ, ಎರಡು, ಮೂರು" ಎನ್ನುವರು. ಇಂಗ್ಲಿಷ್ ಬಾರದು, ಆದರೆ ನನ್ನ ಹೆಸರು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಲ್ಲರು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಬಡ್ತಿಗೆ ಅರ್ಜಿ ಹಾಕುವ ವರ್ಷ ನನಗೆ ಒಂದು ಪೇಪರು ಕಡಿಮೆ ಬಿತ್ತು. ತೆಂಗಿನಕಾಯಿ ಸುಲಿಯುವವರ ಮಣಿಕಟ್ಟಿನ ನೋವಿನ ಮೇಲೆ ಬರೆಯೋಣ ಎಂದುಕೊಂಡೆ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ ತಿರುಚುವ ಆ ಕೈಗಳನ್ನು ಚಿಕ್ಕಂದಿನಿಂದ ನೋಡಿದ್ದೆ. ಸಿ.ಎಸ್. ಪುರದ ಹತ್ತಿರ ನಮ್ಮೂರು. ಹೋಗುವುದಕ್ಕೆ ಒಂದು ವಾರ ಮೊದಲು, ಪ್ರಶ್ನೆಗಳು ಹಳ್ಳಿಯವರಿಗೆ ಅರ್ಥವಾಗುತ್ತವೋ ಇಲ್ಲವೋ ಎಂದು ಅಪ್ಪನಿಗೆ ಓದಿ ಹೇಳಿದೆ. ಅವರು ಎರಡೆರಡು ಸಲ ಓದಿಸಿಕೊಂಡರು.

ಮೊಪೆಡ್‌ನ ಹಿಂದೆ ಕೂರಿಸಿಕೊಂಡು ಅಪ್ಪನೇ ತೋಟ ತೋಟಕ್ಕೂ ಕರೆದೊಯ್ದರು. "ನಮ್ ಮಗಳು ಏನೋ ಕೇಳ್ತಾಳೆ, ಹೇಳ್ರಪ್ಪ" ಎಂದು ದೂರ ಸರಿದು ನಿಲ್ಲುವರು. ಎಲ್ಲರದೂ ಬಲಗೈ. ಎಲ್ಲರಿಗೂ ಬೆಳಿಗ್ಗೆ ಎದ್ದರೆ ಜೋಮು. ಯಾರೂ ಟೀ ಲೋಟ ಹಿಡಿಯಲಾರರು. ಇಷ್ಟು ಅಚ್ಚುಕಟ್ಟಾದ ಉತ್ತರ ಕಾಲೇಜಿನ ನನ್ನ ಗೆಳತಿಯರಿಗೆ ಯಾರಿಗೂ ಸಿಕ್ಕಿರಲಿಲ್ಲ. ಅನುಮಾನ ಬರಬೇಕಿತ್ತು; ಖುಷಿ ಬಂತು. ಬರೆದು ಕಳಿಸಿದೆ, ಸಂಶೋಧನಾ ಪತ್ರಿಕೆಯವರು ಒಪ್ಪಿಕೊಂಡರು. ಅಚ್ಚಾಗುವುದೊಂದು ಬಾಕಿ.

ಆಗಲೇ ಗುಬ್ಬಿ ಸಂತೆಯಲ್ಲಿ ನಮ್ಮೂರಿನ ಒಬ್ಬ ಹಿರಿಯ ಸಿಕ್ಕಿದ್ದು. ಕಾಯಿ ಸುಲಿಯುವುದರಲ್ಲಿ ಎತ್ತಿದ ಕೈ, ನನಗೆ ವರಸೆಯಲ್ಲಿ ದೊಡ್ಡಪ್ಪ. ತುಂಬಿದ ಚೀಲವನ್ನು ಬಲಗೈಯಲ್ಲೇ ಗಾಡಿಗೆ ಎಸೆದು ನನ್ನತ್ತ ತಿರುಗಿದರು.

"ಏನವ್ವ, ನಮ್ ಕೈನೋವು ಪಾಸಾಯ್ತಾ?"

"ಪಾಸಾಯ್ತು ದೊಡ್ಡಪ್ಪ. ಈಗ ಹೆಂಗಿದೆ ಕೈ?"

"ನಂಗೇನವ್ವ ನೋವು. ನಿಮ್ಮಪ್ಪ ಹಿಂದಿನ್ ದಿನ ಬಂದು ಹೇಳ್ಕೊಟ್ಟಿದ್ನಲ್ಲ, ಬಲಗೈ ಅನ್ನಿ, ಜೋಮು ಅನ್ನಿ, ಟೀ ಲೋಟ ಹಿಡಿಯಕಾಗಲ್ಲ ಅನ್ನಿ ಅಂತ. ನಮ್ ಹೆಣ್ಮಗಳು ಮೇಲಕ್ ಬರ್ಲಿ ಅಂತ ಅಂದ್ವಿ. ಹೇಳ್ಕೊಡೋವಾಗ ಆ ಕುಳ್ಳ ಎಡಗೈ ಅಂದ್ಬುಟ್ಟಿದ್ದ, ನಾನೇ ಗದರಿಸ್ದೆ."

ಅಲ್ಲಿಂದಲೇ ಬಸ್ಸು ಹತ್ತಿ ಊರಿಗೆ ಹೋದೆ. ಅಪ್ಪ ಜಗಲಿ ಮೇಲೆ ಕೂತಿದ್ದರು. ನನ್ನ ಮುಖ ನೋಡಿಯೇ ಗೊತ್ತಾಯಿತು ಅವರಿಗೆ.

"ನೋವಿಲ್ಲ ಅಂದಿದ್ರೆ ನಿನ್ ಪೇಪರು ಏನಾಗ್ತಿತ್ತವ್ವ?"

"ನೋವಿಲ್ಲ ಅಂತ ಬರೀತಿದ್ದೆ ಅಪ್ಪ."

"ಅದ್ನೂ ಬರೀಬೋದಾ? ಅದುಕ್ಕೂ ಹೆಸ್ರು ಹಾಕ್ತಾರಾ?"

"ಹಾಕ್ತಾರೆ."

ಬೈಯಲೆಂದು ಹೋದವಳಿಗೆ ಬೈಯಲು ಬಾಯಿ ಬರಲಿಲ್ಲ. ಪರೀಕ್ಷೆಯೆಂದರೆ ಸರಿಯುತ್ತರ ಹೇಳುವುದು ಎಂದು ಅವರಿಗೆ ಕಲಿಸಿದ್ದೇ ನಾನು, ಹದಿನೈದು ವರ್ಷ ಅವರೆದುರು ಕೂತು ಓದಿ ಓದಿ.

ನಮ್ಮ ವಿಭಾಗದ ಮುಖ್ಯಸ್ಥೆಗೆ ಎಲ್ಲ ಹೇಳಿದೆ. "ವಾಪಸ್ ತಗೊಂಡ್ರೆ ಈ ಸಲ ನಿಮ್ ಬಡ್ತಿ ಹೋಗುತ್ತೆ ಕಣ್ರೀ. ತಗೊಳ್ಳಿಲ್ಲ ಅಂದ್ರೆ ನಾಳೆ ಯಾರೋ ಇದನ್ನ ನಂಬ್ಕೊಂಡು ಮುಂದಕ್ಕೆ ಬರೀತಾರೆ" ಎಂದರು, ಅಷ್ಟೇ. ಎರಡು ದಿನ ಸುಮ್ಮನಿದ್ದೆ. ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ಬರಲಿಲ್ಲ ಎಂದರೆ ಸುಳ್ಳು. ಮೂರನೇ ದಿನ ಸಂಪಾದಕರಿಗೆ ಪತ್ರ ಬರೆದು ಪೇಪರು ಹಿಂದಕ್ಕೆ ಪಡೆದೆ. ಬಡ್ತಿ ಹೋಯಿತು.

ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ಕುಣಿಗಲ್ ಕಡೆ. ಅಲ್ಲಿ ನಮ್ಮಪ್ಪನನ್ನು ಬಲ್ಲವರಿಲ್ಲ. ಅವರನ್ನು ಬಿಟ್ಟೇ ಹೋಗಬೇಕೆಂದಿದ್ದೆ. ಮೊದಲ ದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ನನಗಿಂತ ಮುಂಚೆ ಬಂದು ನಿಂತಿದ್ದರು. "ಚೀಲ ಹೊತ್ಕೊಂಡ್ ಬರ್ತೀನಿ. ಬಾಯ್ ಬುಡಲ್ಲ."

ಬಾಯಿ ಬಿಡಲೂ ಇಲ್ಲ. ಕೈಹಿಡಿತದ ಬಲ ಅಳೆಯುವ ಉಪಕರಣವನ್ನು ನನ್ನ ಕೈಗೆ ಕೊಟ್ಟು, ದೂರದಲ್ಲಿ ಕಾಯಿ ಸುಲಿದ ಮಟ್ಟೆಯ ರಾಶಿಯ ಮೇಲೆ ನಮಗೆ ಬೆನ್ನು ಮಾಡಿ ಕೂರುವರು. ಒಮ್ಮೆ ಕಾಯಿ ಸುಲಿಯುವವನೊಬ್ಬ ಉತ್ತರ ತೋಚದೆ ಅವರನ್ನೇ ಕೂಗಿ ಕೇಳಿದ: "ಯಜಮಾನ್ರೇ, ನೀವೇ ಹೇಳಿ, ನೋವೈತೆ ಅನ್ಲಾ, ಇಲ್ಲ ಅನ್ಲಾ?"

ಅಪ್ಪ ತಿರುಗಲೇ ಇಲ್ಲ. "ನನ್ನ ಕೇಳ್ಬೇಡ ಕಣಪ್ಪ. ನಿನ್ ಕೈ, ನೀನೇ ಹೇಳು."

ಆ ಬೆನ್ನನ್ನು ಒಮ್ಮೆ ನೋಡಿ ನಾನು ಮುಂದಿನ ಪ್ರಶ್ನೆ ಓದಿದೆ.

ಕೊನೆಗೆ ಗೊತ್ತಾದದ್ದೆಂದರೆ, ಕೈನೋವು ಕೆಲವರಿಗೆ ಮಾತ್ರ. ಹೆಚ್ಚಿನವರು ನೋಯುತ್ತದೆ ಎಂದದ್ದು ಸೊಂಟ. ನಮ್ಮೂರಿನಲ್ಲಿ ನಾನು ಸೊಂಟದ ಮಾತೇ ಎತ್ತಿರಲಿಲ್ಲ.

ಪೇಪರು ಅಚ್ಚಾಯಿತು. ಆದರೆ ಬೇರೆಯವರು ತಮ್ಮ ಬರಹದಲ್ಲಿ ನಮ್ಮದನ್ನು ಎಷ್ಟು ಸಲ ಆಧಾರವಾಗಿ ಹೆಸರಿಸಿದ್ದಾರೆ ಎಂಬ ಲೆಕ್ಕವೊಂದಿದೆ, ಸೈಟೇಶನ್ ಎನ್ನುತ್ತಾರೆ. ಅಲ್ಲಿ ಬಹಳ ದಿನ ಸೊನ್ನೆಯೇ ಇತ್ತು. ಒಂದು ಭಾನುವಾರ ಅಪ್ಪ ಮನೆಗೆ ಬಂದಿದ್ದಾಗ ಲ್ಯಾಪ್‌ಟಾಪ್ ತೆರೆದರೆ, ಒಂದು.

"ತೆಂಗು ಬೆಳೆಯೋ ಬೇರೆ ದೇಶದವರು ಅಪ್ಪ. ನನ್ನ ಪೇಪರ್ ಓದಿ ಅವರ ಪೇಪರಲ್ಲಿ ಹೇಳಿದಾರೆ."

"ಪರಿಚಯದೋರಾ?"

"ಅಲ್ಲ."

"ಹಾಕ್ರಪ್ಪ ಅಂತ ನೀನೇನೂ ಹೇಳ್ಕೊಟ್ಟಿಲ್ವಾ?"

"ನಾನ್ಯಾಕ್ ಹೇಳ್ಕೊಡ್ಲಿ, ನಿನ್ನಂಗೆ?"

ಅಪ್ಪ ನಕ್ಕರು. ಆ ವಿಷಯಕ್ಕೆ ನಾವಿಬ್ಬರೂ ನಕ್ಕದ್ದು ಅದೇ ಮೊದಲು.

"ಒಂದೇ ಒಂದು ಬಂದಿರೋದು. ಬೇರೆಯವ್ರಿಗೆಲ್ಲ ನೂರಾರು ಇರ್ತವೆ" ಎಂದೆ.

"ಒಂದು ಅನ್ಬೇಡ" ಎಂದರು. ಪರದೆಯ ಮೇಲಿನ ಅಂಕೆಗೆ, ನನ್ನ ಹೆಸರಿಗೆ ಇಡುವ ಹಾಗೆಯೇ ಬೆರಳಿಟ್ಟರು. "ಲಾಭ."

ಆ ವರ್ಷ ಬಡ್ತಿಗೆ ಮತ್ತೆ ಅರ್ಜಿ ಹಾಕಿದೆ, ಸಿಕ್ಕಿತು. ಅರ್ಜಿಯಲ್ಲಿ ಆ ಪೇಪರಿನ ಮುಂದೆ ಅಂಕೆ ಮಾತ್ರ ತುಂಬಬೇಕಿತ್ತು. 1 ಎಂದು ತುಂಬಿದೆ.