ಟಾಪರ್ ಎಲ್ಲಿಗೆ ಹೋಗಬೇಕೆಂದು ಊರೇ ತೀರ್ಮಾನಿಸಿತ್ತು

ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಲ್ಲಿ ನನ್ನ ಮಗಳಿಗೆ ಮೇಲಿನ ರ‍್ಯಾಂಕ್ ಬಂದ ದಿನ, ಅವಳು ಮುಂದೆ ಎಲ್ಲಿ ಓದಬೇಕೆಂಬುದು ಅವಳೊಬ್ಬಳನ್ನು ಬಿಟ್ಟು ಉಳಿದೆಲ್ಲರಿಗೂ ಗೊತ್ತಿತ್ತು. ಬಿಕರ್ನಕಟ್ಟೆಯಲ್ಲಿ ನನ್ನದೊಂದು ಕರ್ಟನ್ ಬಟ್ಟೆಯ ಅಂಗಡಿ. ಕಿಟಕಿಯ ಅಳತೆ ಕೊಡಲು ಬಂದವರೂ “ಮುಂಬಯಿ, ಕಂಪ್ಯೂಟರ್ ಸೈನ್ಸ್” ಎಂದು ಹೇಳಿಯೇ ಹೋದರು. ದುಬೈಯಲ್ಲಿರುವ ನನ್ನ ಅಣ್ಣನಂತೂ ಮುಂಬಯಿಯಲ್ಲಿ ಅವಳಿಗೆ ಬೇಕಾಗುವ ಸೂಟ್‌ಕೇಸಿನ ಬಣ್ಣ ಯಾವುದೆಂದು ಕೇಳಿದ.

ಅವಳು ಓದಿದ್ದು ವಾಮಂಜೂರಿನ ಆಚೆ, ಗದ್ದೆಗಳ ನಡುವೆ ಎದ್ದು ನಿಂತ ಒಂದು ಖಾಸಗಿ ಕಾಲೇಜಿನಲ್ಲಿ. ಆ ಕಾಲೇಜಿನವರು ಇನ್ನೂ ಚುರುಕು. ಸೀಟು ಹಂಚಿಕೆ ಶುರುವಾಗುವ ಮೊದಲೇ ನಮ್ಮ ಸರ್ಕಲಿನಲ್ಲಿ ಫ್ಲೆಕ್ಸ್ ಎದ್ದಿತು. ಮಗಳ ಮುಖ, ಪಕ್ಕದಲ್ಲಿ ಮುಂಬಯಿಯ ಆ ಮಹಾಸಂಸ್ಥೆಯ ಹೆಸರು. ಅವಳು ಅಲ್ಲಿಗೆ ಅರ್ಜಿಯನ್ನೂ ತುಂಬಿರಲಿಲ್ಲ.

ಮಗಳ ತಲೆಯಲ್ಲಿದ್ದದ್ದು ಬೇರೆ. ಹಿಂದಿನ ವರ್ಷ ಮಳೆ ಹಿಂದೆಗೆದ ಮೇಲೆ ಕೆಲವು ದಿನ ಪಣಂಬೂರಿನ ಕಡಲು ಹಸಿರಾಗಿತ್ತು. ಅವಳು ಒಂದು ಬಾಟಲಿ ನೀರು ತುಂಬಿಸಿ ತಂದು, ಕಾಲೇಜಿನ ಮೈಕ್ರೋಸ್ಕೋಪಿನಲ್ಲಿ ನೋಡಿ, ಅದರೊಳಗೆ ಈಜುವ ಜೀವಿಗಳ ಬಗ್ಗೆ ಊಟದ ಹೊತ್ತಿನಲ್ಲೆಲ್ಲ ಮಾತಾಡಿದ್ದಳು. ಉಳಿದ ನೀರನ್ನು ಫ್ರಿಜ್‌ನಲ್ಲಿ ಇಟ್ಟಿದ್ದಳು. ಮೀನಿನ ವಾಸನೆ ಬರುತ್ತದೆಂದು ನನ್ನ ಹೆಂಡತಿ ಅದನ್ನು ಚೆಲ್ಲಿದಳು. ದಿನವೂ ಬಂಗುಡೆ ಬೇಯುವ ಮನೆಯಲ್ಲಿ ಮೀನಿನ ವಾಸನೆಯ ಮೇಲೆ ಬಂದ ಮೊದಲ ದೂರು ಅದು. ಮಗಳು ಎರಡು ದಿನ ತಾಯಿಯೊಡನೆ ಮಾತಾಡಲಿಲ್ಲ.

ಈಗ ಅವಳು ದಕ್ಷಿಣದ ಒಂದು ಸಣ್ಣ ಪಟ್ಟಣದ ವಿಜ್ಞಾನ ಸಂಸ್ಥೆಯ ಹೆಸರು ತೆಗೆದಳು. ಅದೂ ಪ್ರತಿಷ್ಠಿತವೇ, ಅಲ್ಲೂ ಸೀಟು ಸುಲಭವಲ್ಲ. ಆದರೆ ನಮ್ಮ ನೆಂಟರಲ್ಲಿ ಯಾರೂ ಅದರ ಹೆಸರು ಕೇಳಿರಲಿಲ್ಲ. ಒಂದು ಸಂಸ್ಥೆಗೆ ಇದಕ್ಕಿಂತ ದೊಡ್ಡ ದೋಷ ಬೇಕೆ?

“ಎರಡೂ ಕಡೆ ಕೇಳ್ತೇನೆ ಬಾಪ, ಆಮೇಲೆ ಹೇಳ್ತೇನೆ,” ಎಂದು ನನಗೆ ಹೇಳಿದಳು.

ಅವಳದೇ ಕಾಲೇಜಿನಿಂದ ಮುಂಬಯಿಗೆ ಹೋದ ಹಳೆಯ ಟಾಪರ್ ಒಬ್ಬನಿಗೆ ಮೊದಲು ಫೋನು ಮಾಡಿದಳು. ನಾನೂ ಹೆಂಡತಿಯೂ ಕೇಳಲೆಂದು ಸ್ಪೀಕರ್ ಹಾಕಿದಳು.

“ಅಣ್ಣ, ನೀವು ಅಲ್ಲಿಗೇ ಯಾಕೆ ಹೋದದ್ದು?”

“ಎಂತ ಪ್ರಶ್ನೆ ಮಾರಾಯ್ತಿ! ರ‍್ಯಾಂಕ್ ಬಂದಿತ್ತಲ್ಲ.”

“ಅದು ಗೊತ್ತುಂಟು. ಅಲ್ಲಿಗೇ ಯಾಕೆ?”

“ಮೇಲಿನ ರ‍್ಯಾಂಕಿನವರೆಲ್ಲ ಇಲ್ಲಿಗೇ ಬರುವುದು.”

“ಅವರು ಯಾಕೆ ಬರುವುದು?”

“ಇಲ್ಲಿ ಮೇಲಿನ ರ‍್ಯಾಂಕಿನವರು ಇದ್ದಾರಲ್ಲ, ಅದಕ್ಕೆ.”

ದೇಶದ ಅತ್ಯಂತ ಚುರುಕು ತಲೆಗಳು ಒಂದನ್ನೊಂದು ನೋಡಿಕೊಂಡು ಅಲ್ಲಿ ಸೇರುತ್ತವೆ ಎಂದು ನನಗೆ ಆಗ ತಿಳಿಯಿತು. ನನ್ನ ಅಂಗಡಿಯಲ್ಲೂ ಹಾಗೆಯೇ, ಪಕ್ಕದ ಫ್ಲ್ಯಾಟಿನವರು ಕೊಂಡ ಡಿಸೈನೇ ಬೇಕು. ಆದರೆ ಅವರು ಕಡೇಪಕ್ಷ ಬಟ್ಟೆ ಮುಟ್ಟಿ ನೋಡುತ್ತಾರೆ.

ಎರಡನೆಯ ಫೋನು ಸಣ್ಣ ಪಟ್ಟಣದ ಸಂಸ್ಥೆಯಲ್ಲಿ ಓದುವ ಹುಡುಗಿಗೆ. ಪರಿಚಯವೇ ಇಲ್ಲದವಳು, ಯಾರದೋ ಮೂಲಕ ನಂಬರ್ ಸಿಕ್ಕಿತ್ತು. “ಸ್ವಲ್ಪ ಇರಿ, ಲ್ಯಾಬಲ್ಲಿದ್ದೀನಿ, ಕೈ ತೊಳ್ಕೊಂಡು ಬರ್ತೀನಿ,” ಎಂದಳು. ಹಾಸ್ಟೆಲ್ ಊಟ ಕೆಟ್ಟದು, ಊರಿನಲ್ಲಿ ಸುತ್ತಾಡಲು ಏನೂ ಇಲ್ಲ, ಮೊದಲ ವರ್ಷದಿಂದಲೇ ಲ್ಯಾಬಿಗೆ ಬಿಡುತ್ತಾರೆ ಎಂದಳು. ಮಗಳು ಹಸಿರು ಕಡಲಿನ ವಿಷಯ ಹೇಳಿದ್ದೇ ತಡ, ಆಕೆ ಕೇಳಿದಳು: “ಆ ನೀರು ಈಗಲೂ ಇದೆಯಾ?”

ಮಗಳು ತಾಯಿಯ ಕಡೆ ನೋಡಿದಳು. ನನ್ನ ಹೆಂಡತಿ ಎದ್ದು ಅಡುಗೆಮನೆಗೆ ಹೋದಳು. ಅಲ್ಲಿಗೆ ಸೀಟಿನ ತೀರ್ಮಾನವಾಯಿತು.

ಸುದ್ದಿ ಕೇಳಿ ಪ್ರಾಂಶುಪಾಲರು ನನ್ನನ್ನು ಕರೆಸಿದರು. ಸಾವು ಸಂಭವಿಸಿದ ಮನೆಯವರಿಗೆ ಕೊಡುವಂತೆ ಮೊದಲು ನೀರು ಕೊಟ್ಟರು.

“ನೀವು ಅವಳಿಗೆ ಬುದ್ಧಿ ಹೇಳ್ಬೇಕು.”

“ಅದು ನಮಗಿಂತ ಅವಳಿಗೇ ಜಾಸ್ತಿ ಉಂಟು ಅಂತ ಫ್ಲೆಕ್ಸಿನಲ್ಲಿ ನೀವೇ ಹಾಕಿದ್ದಲ್ವಾ ಸರ್?”

ಅವರು ನಗಲಿಲ್ಲ. ಹೊರಗೆ ಬರುವಾಗ ನನಗೂ ನಗು ಇರಲಿಲ್ಲ. ‘ಮಗಳು ಮುಂಬಯಿಯಲ್ಲಿ’ ಎಂದು ಮದುವೆಮನೆಗಳಲ್ಲಿ ಹೇಳುವ ಅಭ್ಯಾಸವನ್ನು ನಾನು ಮನಸ್ಸಿನಲ್ಲೇ ಶುರುಮಾಡಿದ್ದೆ. ಅವಳನ್ನು ರೈಲು ಹತ್ತಿಸಿದ ಮೇಲೆ ಊರು ನನಗೆ ಸಮಾಧಾನ ಹೇಳಿತು. ದೇರೆಬೈಲಿನ ನೆಂಟರೊಬ್ಬರು “ಪಾಪ, ಸೀಟು ಸಿಗ್ಲಿಲ್ವಾ?” ಎಂದರು. ಅವಳೇ ಬೇಡವೆಂದಳು ಎಂದರೆ, ನಿಜ ಮುಚ್ಚಿಡುವ ತಂದೆಯನ್ನು ನೋಡುವ ಕರುಣೆಯಲ್ಲಿ ತಲೆಯಾಡಿಸಿದರು.

ಮಗಳು ಮೊದಲ ರಜೆಗೆ ಬಂದಾಗ ಸೊರಗಿದ್ದಳು. ಪ್ರಯೋಗ ಕೈಕೊಟ್ಟಿತ್ತು, ಪ್ರೊಫೆಸರು ಬೈದಿದ್ದರು, ಸಾಂಬಾರು ಅವಳು ಕೇಳಿದ್ದಕ್ಕಿಂತಲೂ ಕೆಟ್ಟದಾಗಿತ್ತು. “ಹಾಗಾದ್ರೆ ಮುಂಬಯಿ?” ಎಂದೆ. “ಎಂತಕ್ಕೆ?” ಎಂದಳು, ನಿಜವಾಗಿಯೂ ಅರ್ಥವಾಗದವಳಂತೆ. ಮಾರನೆಯ ದಿನ ಖಾಲಿ ಬಾಟಲಿಗಳನ್ನು ಚೀಲಕ್ಕೆ ತುಂಬಿ ಪಣಂಬೂರಿಗೆ ಹೋದಳು. ಮಗಳು ಕೇಳುವ ಮೊದಲೇ ಅವಳ ತಾಯಿ ಫ್ರಿಜ್‌ನ ಕೆಳಗಿನ ಅರೆಯನ್ನು ಖಾಲಿ ಮಾಡಿಟ್ಟಿದ್ದಳು.

ಈ ವರ್ಷ ಅದೇ ಕಾಲೇಜಿನ ಹೊಸ ಟಾಪರ್ ಹುಡುಗಿ ಮಗಳಿಗೆ ಫೋನು ಮಾಡಿದ್ದಳು. ಮಗಳು ಬಹಳ ಹೊತ್ತು, ಬಹಳ ತಾಳ್ಮೆಯಿಂದ ವಿವರಿಸಿದಳು: ಯಾರು ಎಲ್ಲಿಗೆ ಹೋದರೆಂದು ನೋಡಬೇಡ, ನಿನಗೆ ಎಂತ ಬೇಕು ಅಂತ ನೋಡು.

ಹುಡುಗಿ ಎಲ್ಲ ಕೇಳಿ ಹೇಳಿದಳು: “ಅರ್ಥ ಆಯ್ತು ಅಕ್ಕ. ನೀವು ಹೋದಲ್ಲಿಗೇ ಬರ್ತೇನೆ.”