ಗಂಜಿ ಕುಡಿಯದ ದಾರ

ಕಳೆದ ವಾರ ನಾನು ಒಂದು ಹುಣಸೆ ಮರವನ್ನು ಕೊಂದೇಬಿಡುತ್ತಿದ್ದೆ. ಆಯುಧ: ಒಂದು ಪಾತ್ರೆ ಅನ್ನದ ಗಂಜಿ.

ಗಾಬರಿ ಬೇಡ, ಮರ ಬದುಕಿದೆ. ಹೇಗೆ ಬದುಕಿತು ಎಂಬುದು ಮಾತ್ರ ನನಗೆ ಮರ್ಯಾದೆ ತರುವ ವಿಷಯವಲ್ಲ. ಆದರೆ ವಾರವಾರ ಈ ಅಂಕಣದಲ್ಲಿ ನಿಮಗೆ ಉಪದೇಶ ಮಾಡುವವನು ಆಗಾಗ ತಲೆ ತಗ್ಗಿಸಲೂ ಬೇಕಲ್ಲ?

ನನ್ನ ತಮ್ಮನ ಮಗಳು ರೇವತಿಗೆ ಮರ ಹತ್ತುವುದೇ ಉದ್ಯೋಗ. ಮನೆ ಮೇಲೆ ಬಾಗಿದ ಕೊಂಬೆ, ಒಣಗಿ ನೇತಾಡುವ ರೆಂಬೆ, ಏನಿದ್ದರೂ ಹಗ್ಗ ಕಟ್ಟಿ ಏರಿ, ಕೊಯ್ದು, ಮೆಲ್ಲಗೆ ಇಳಿಸುತ್ತಾಳೆ. (ಡಿಗ್ರಿ ಓದಿ ಮರ ಹತ್ತುತ್ತಾಳಲ್ಲ ಎಂದು ಬಂಧುಗಳು ಕೊರಗಿದರು. ಅವರ ಮನೆ ಮೇಲೆ ಕೊಂಬೆ ಬಾಗಿದಾಗ ಫೋನ್ ಬಂದದ್ದು ಅವಳಿಗೇ.)

ದಪ್ಪ ಹಗ್ಗವನ್ನು ಅಷ್ಟೆತ್ತರ ಎಸೆಯಲಾಗದು. ಅದಕ್ಕೇ ಮೊದಲು ಒಂದು ಸಣ್ಣ ದಾರ, ಅದರ ತುದಿಗೆ ಮುಷ್ಟಿಗಾತ್ರದ ತೂಕದ ಚೀಲ. ಅದನ್ನು ಬೀಸಿ ಕವಲಿನ ಮೇಲೆ ದಾಟಿಸಬೇಕು. ಚೀಲ ತನ್ನ ಭಾರಕ್ಕೆ ತಾನೇ ಕೆಳಗಿಳಿಯಬೇಕು. ಆಮೇಲೆ ದಾರಕ್ಕೆ ಹಗ್ಗ ಕಟ್ಟಿ ಎಳೆದುಕೊಂಡರಾಯಿತು. ಗುಟ್ಟು ಒಂದೇ: ದಾರ ಜಾರಬೇಕು.

ಹೊಸದು ಜಾರುತ್ತದೆ. ಸವೆದಂತೆ ಎಳೆ ಎದ್ದು, ಜುಂಗು ಬಿಟ್ಟು, ಸಿಕ್ಕಸಿಕ್ಕ ತೊಗಟೆಗೆಲ್ಲ ಕಚ್ಚಿಕೊಳ್ಳುತ್ತದೆ. (ನಿವೃತ್ತರನ್ನು ನೋಡಿದ್ದೀರಲ್ಲ, ಹಾಗೆ.)

"ದಾರ ಜಾರೋಕೆ ಸಿಲಿಕಾನ್ ಸ್ಪ್ರೇ ಆರ್ಡರ್ ಹಾಕಿದ್ದೀನಿ ದೊಡ್ಡಪ್ಪ, ಪಾರ್ಸಲ್ ಇನ್ನೂ ಬರ್ಲಿಲ್ಲ. ನಾಳೆ ನಲ್ಲಂಪಳ್ಳಿಲಿ ಕೆಲ್ಸ ಐತೆ," ಎಂದಳು. ದಾರದ ಚೀಲ ನಮ್ಮ ಜಗುಲಿಯಲ್ಲಿಟ್ಟು ಗರಗಸ ಸಾಣೆ ಹಿಡಿಸಲು ಹೋದಳು. ಅಲ್ಲೇ ಅವಳು ಕೆಟ್ಟದ್ದು.

ನೂಲಿನ ವಿಷಯ! ಅದೂ ನಮ್ಮ ಮನೆಯಲ್ಲಿ! ನಮ್ಮ ತಾತ, ಮುತ್ತಾತ ಎಲ್ಲ ಸೇಲಂನಲ್ಲಿ ಮಗ್ಗ ನೇಯ್ದವರು. ಬೀದಿಯುದ್ದ ಪಾವು ಹಾಕಿ, ಅಂದರೆ ಹಾಸಿನ ನೂಲನ್ನು ಬಿಗಿದು ಕಟ್ಟಿ, ಗಂಜಿಗೆ ತೊಟ್ಟು ಕೊಬ್ಬರಿ ಎಣ್ಣೆ ಬೆರೆಸಿ ಕುಂಚದಲ್ಲಿ ತೀಡಿದರೆ ಎದ್ದ ಎಳೆಯೆಲ್ಲ ತೆಪ್ಪಗೆ ಮಲಗುತ್ತಿತ್ತು. ಇಂಥ ಪರಂಪರೆಯ ವಾರಸುದಾರ ನಾನಿರುವಾಗ ಕೊರಿಯರ್‌ನವನಿಗೆ ಕಾಯುವುದೇ? (ನಾನು ಆಫೀಸಿನಲ್ಲಿ ಟೈಪ್ ಹೊಡೆದು ರಿಟೈರ್ ಆದವನು. ಮಗ್ಗದಲ್ಲಿ ಕೂತದ್ದು ಒಂದೇ ಸಲ, ಫೋಟೋಗೆ.)

ನಮ್ಮ ಗೇಟಿನಿಂದ ಬೀದಿ ಕೊನೆಯ ಕರೆಂಟ್ ಕಂಬದವರೆಗೆ ದಾರ ಬಿಗಿದೆ. ಗಂಭೀರವಾಗಿ ಗಂಜಿ ತೀಡಿದೆ. ಸ್ಕೂಟರಿನವರು ತಲೆ ಬಗ್ಗಿಸಿ ಹೋದರು. ಗೌರವಕ್ಕೆ ಎಂದೇ ಭಾವಿಸಿದೆ. ಆದರೆ ನಮ್ಮದು ಸಣ್ಣ ಬೀದಿ. ಬೀದಿ ಮುಗಿಯಿತು, ಅರ್ಧ ದಾರ ಇನ್ನೂ ಚೀಲದಲ್ಲೇ ಇತ್ತು. ಅಷ್ಟರಲ್ಲಿ ಕಾಫಿ ಬಂತು. ಕಾಫಿಯ ಹಿಂದೆ ನಿದ್ದೆ.

ಎದ್ದಾಗ ನಮ್ಮಾಕೆ ಬಾಗಿಲಲ್ಲಿ ನಿಂತಿದ್ದಳು. "ಇದ್ನೂ ಅರ್ಧಕ್ಕೇ ಬಿಟ್ರಾ? ಬಚ್ಚಲ್ ಗೋಡೆ ಪೇಂಟು ಅರ್ಧ, ಯೋಗಾ ಕ್ಲಾಸು ಅರ್ಧ. ನೀವು ಪೂರಾ ಮಾಡಿದ್ದು ಮದ್ವೆ ಒಂದೇ, ಅದೂ ನಮ್ಮಪ್ಪ ಪಕ್ಕದಲ್ಲೇ ನಿಂತಿದ್ದಕ್ಕೆ."

ಒಣಗಿದ ದಾರವನ್ನು ಸುತ್ತಿ ಚೀಲಕ್ಕೆ ಹಾಕಿದೆ. ರೇವತಿಗೂ ಹೇಳಲಿಲ್ಲ. ಸರ್ಪ್ರೈಸ್ ಇರಲಿ ಎಂದು. ಮರುದಿನ ಬೆಳಿಗ್ಗೆ ಅವಳ ಜೊತೆ ನಾನೂ ಹೊರಟೆ.

ನಲ್ಲಂಪಳ್ಳಿಯ ಹುಣಸೆ ಮರ ನಮ್ಮಾಕೆಯ ತಮ್ಮ ಮಾದಪ್ಪನದು. ಒಣ ಕೊಂಬೆಯೊಂದು ಹಸುವಿನ ಕೊಟ್ಟಿಗೆಯ ಹೆಂಚಿನ ಮೇಲೆ ತೂಗುತ್ತಿತ್ತು. ಮಾದಪ್ಪ ಮಿಷಿನ್ ಗರಗಸದವನಿಗೂ ಹೇಳಿಯಾಗಿತ್ತು.

"ಮಧ್ಯಾಹ್ನದೊಳ್ಗೆ ಕೊಂಬೆ ಇಳೀತಾ, ಸರಿ. ಇಲ್ಲಾಂದ್ರೆ ಬುಡಕ್ಕೇ ಮಿಷಿನ್. ಅಸುವಿನ ಮೇಲೆ ಬಿದ್ರೆ ಏನ್ ಮಾಡ್ಲಿ?"

ಅವನ ಹೆಂಡತಿ ಚಿನ್ನತಾಯಿ ರೇವತಿಯ ಕೈ ಹಿಡಿದುಕೊಂಡಳು. "ಕೊಂಬೆ ಓಗ್ಲಿ ಕಣಮ್ಮ, ಮರ ಓಗ್ಬಾರ್ದು."

ನನ್ನ ಪ್ರಾರ್ಥನೆಯೂ ಅದೇ. ವರ್ಷವಿಡೀ ನಮ್ಮ ಮನೆಯ ರಸಂ ನಡೆಯುವುದು ಆ ಮರದ ಕೃಪೆಯಿಂದ.

ರೇವತಿ ಬೀಸಿದಳು. ಎಂಥ ಎಸೆತ! ಚೀಲ ಕವಲನ್ನು ದಾಟಿತು. ದಾಟಿ, ನಿಂತಿತು. ನಡು ಆಕಾಶದಲ್ಲಿ, ಏನೋ ಮರೆತವನ ಹಾಗೆ. ದಾರ ಅಲ್ಲಾಡಿಸಿದಳು. ಕದಲಲಿಲ್ಲ. ಬೆಳಗಿನ ಇಬ್ಬನಿಗೆ ನೆನೆದಿದ್ದ ತೊಗಟೆಗೆ ಗಂಜಿ ಅಂಟಿನಂತೆ ಹಿಡಿದಿತ್ತು. ಜಗ್ಗಿ ಜಗ್ಗಿ ಕೆಳಗೆಳೆದು ದಾರವನ್ನು ನನ್ನ ಕೈಗೆ ಕೊಟ್ಟಳು, ಬೆರಳು ಮೂಸಿದಳು.

"ಪೆರಿಯಪ್ಪಾ! ಇದುಲ ಎನ್ನ ಪೋಟ್ಟೀಂಗ?"

(ಅಕ್ಕರೆ ಇದ್ದಾಗ ನಾನು ದೊಡ್ಡಪ್ಪ. ಕೋಪ ಬಂದರೆ ತಮಿಳಿನಲ್ಲಿ ಪೆರಿಯಪ್ಪ.) ಏನು ಹಾಕಿದಿರಿ ಎಂಬ ಪ್ರಶ್ನೆಗೆ ಕೆಂಪಿರುವೆಗಳೇ ಉತ್ತರ ಕೊಟ್ಟವು. ಅನ್ನದ ವಾಸನೆ ಹಿಡಿದು ದಾರದ ಮೇಲೆ ಮೆರವಣಿಗೆ ಬಂದು ನನ್ನ ಅಂಗಿಯ ತೋಳು ಹೊಕ್ಕವು.

"ಗಂಜಿ," ಎಂದೆ, ಕುಣಿಯುತ್ತಲೇ. "ನಮ್ಮ ತಾತ..."

"ತಾತ ಹತ್ತಿ ನೂಲಿಗೆ ಹಾಕ್ದ. ಇದು ಪ್ಲಾಸ್ಟಿಕ್ಕು. ಇದು ಗಂಜಿ ಕುಡಿಯಲ್ಲ, ಮೈಗೆ ಮೆತ್ಕೊಂಡು ಕೂರುತ್ತೆ!"

ಮಾದಪ್ಪ ಸುಮ್ಮನಿದ್ದಾನೆಯೇ? "ಏನ್ ಭಾವ, ಬರೀ ಗಂಜೀನಾ? ಉಪ್ಪಿನಕಾಯಿ ಮರ್ತುಬಿಟ್ರಾ?"

ಆಗಲೇ ಮಿಷಿನ್‌ನವನ ಬೈಕ್ ಬಂದು ನಿಂತಿತು. ಆತ ಟೀ ಕುಡಿಯುತ್ತ ಮರದ ಬುಡವನ್ನು ಕಣ್ಣಲ್ಲೇ ಅಳೆದ. ಚಿನ್ನತಾಯಿ ಸೆರಗು ಬಾಯಿಗೆ ಹಿಡಿದಳು. ನಾನು ಜೀವನದಲ್ಲಿ ಮೊದಲ ಬಾರಿಗೆ ಸಲಹೆ ಕೊಡದೆ ನಿಂತೆ.

ರೇವತಿ ದಾರದ ಚೀಲದ ತಳಕ್ಕೆ ಕೈ ಹಾಕಿ ಉಳಿದ ದಾರ ಎಳೆದಳು.

"ಈ ಅರ್ಧಕ್ಕೆ ಯಾಕೆ ಹಾಕ್ಲಿಲ್ಲ?"

"ಬೀದಿ ಮುಗೀತು."

"ಏನು?"

"ಬೀದಿ ಮುಗೀತು. ಆಮೇಲೆ ಕಾಫಿ ಬಂತು."

ಅವಳು ನನ್ನನ್ನು ನೋಡಿದ ನೋಟ ಇಲ್ಲಿ ಬರೆಯುವಂಥದ್ದಲ್ಲ. ತೂಕದ ಚೀಲ ಬಿಚ್ಚಿದಳು, ಆ ಇನ್ನೊಂದು ತುದಿಗೆ ಕಟ್ಟಿದಳು. ಆ ತುದಿ ಯಾವ ಮರವನ್ನೂ ಕಂಡದ್ದಲ್ಲ. ಸದಾ ತಳದಲ್ಲೇ ಮಲಗಿದ್ದು ಇನ್ನೂ ಹೊಸತರ ಹಾಗೆ ಹೊಳೆಯುತ್ತಿತ್ತು. ಮೊದಲ ಎಸೆತ ತಪ್ಪಿತು. ಮಿಷಿನ್‌ನವನು ಲೋಟ ಕೆಳಗಿಟ್ಟ. ಎರಡನೆಯದು ಕವಲು ದಾಟಿ, ಸರ್ರನೆ ಜಾರಿ, ಚಿನ್ನತಾಯಿಯ ಕಾಲ ಬುಡಕ್ಕೇ ಬಂದು ಬಿತ್ತು.

ಹಿಂದೆಯೇ ಹಗ್ಗ ಏರಿತು, ರೇವತಿ ಏರಿದಳು. ಊಟದ ಹೊತ್ತಿಗೆ ಒಣ ಕೊಂಬೆ ತುಂಡು ತುಂಡಾಗಿ ಅಂಗಳಕ್ಕೆ ಇಳಿದಿತ್ತು. ಒಂದು ಹೆಂಚೂ ಅಲುಗಲಿಲ್ಲ. ಮಿಷಿನ್‌ನವನು ಇನ್ನೊಂದು ಟೀ ಕುಡಿದು ಹೊರಟ.

"ದೊಡ್ಡಪ್ಪ, ಸ್ಪ್ರೇ ಬಂದ್ರೆ ಮುಟ್ಬೇಡ," ಎಂದಳು ರೇವತಿ ದಾರ ಸುತ್ತುತ್ತ. (ಗಮನಿಸಿದಿರಾ? ದೊಡ್ಡಪ್ಪ!)

ಚಿನ್ನತಾಯಿ ಕೊಟ್ಟ ಹುಣಸೆ ಉಂಡೆಯನ್ನು ಮನೆಗೆ ತಂದು ನಮ್ಮಾಕೆಯ ಮುಂದಿಟ್ಟೆ. ನಾನು ಕೆಲಸವನ್ನು ಪೂರ್ತಿ ಮಾಡುವ ಗಂಡನಾಗಿದ್ದರೆ ಇವತ್ತು ರಸಂಗೆ ಏನು ಹಾಕುತ್ತಿದ್ದಳು, ನೀವೇ ಹೇಳಿ?