ಅಳಿಯ ಹತ್ತಬೇಕಾದ ಬಂಡೆ

ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ. ಕಲ್ಲು ಕೊಯ್ಯುವಾಗ ಏಳುವ ಒಣ ದೂಳಿನ ವಾಸನೆ ಬೆಳಗಿನ ಕಾಫಿಯ ಜೊತೆಗೇ ಮೂಗಿಗೆ ಬಂತು ನೋಡಿ, ನನ್ನ ಅಂಗೈ ತಾನಾಗಿ ಬೆವರಿತು. ಈ ವಯಸ್ಸಿನಲ್ಲಿ ಅಂಗೈ ಬೆವರಿದರೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಾರೆಂದು ಪಂಚೆಗೆ ಒರೆಸಿಕೊಂಡೆ. ನಿಮಗೆ ಮಾತ್ರ ನಿಜ ಹೇಳುತ್ತೇನೆ: ನಾನು ಹುಟ್ಟಾ ಪುಕ್ಕಲ. ಅಟ್ಟದ ಮೇಲಿನ ಪಾತ್ರೆ ಇಳಿಸಬೇಕಾದರೂ ಏಣಿಯ ಎರಡನೇ ಮೆಟ್ಟಿಲಿನಲ್ಲೇ ದೇವರ ನಾಮ ಶುರುಮಾಡುತ್ತಿದ್ದವನು.

ಅದು ಐವತ್ತರ ದಶಕ. ರಾಜಾಜಿನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಸೈಟಿನ ಗಡಿಕಲ್ಲುಗಳೇ ಹೆಚ್ಚು. ಒಂದು ಬಾಡಿಗೆ ಮನೆ, ಒಂದು ಗುಮಾಸ್ತೆ ಕೆಲಸ, ಒಂದು ಸೈಕಲ್ಲು ಇದ್ದ ನನಗೆ ಬ್ಯಾಡರಹಳ್ಳಿ ಕಡೆಯ ಬೇಸಾಯಗಾರರ ಮನೆಯಿಂದ ಹೆಣ್ಣು ತಂದರು. ಹೆಸರು ಗೌರಿ. ಮದುವೆಗೆ ಮುಂಚೆ ಯಾರೂ ಬಾಯಿಬಿಡದ ಸಂಗತಿಯೆಂದರೆ, ಅವರ ಊರಾಚೆ ಒಂದು ಬೋಳು ಬಂಡೆ ಇತ್ತು. ಅದರ ನೆತ್ತಿಯಲ್ಲೊಂದು ದೊಣೆ, ಅಂದರೆ ಕಲ್ಲಿನ ಗುಳಿಯಲ್ಲಿ ನಿಂತ ಮಳೆನೀರು. ಆ ಮನೆಯ ಹೊಸ ಅಳಿಯ ದೀಪಾವಳಿಗೆ ಬಂದಾಗ ಯಾರ ಕೈಯನ್ನೂ ಹಿಡಿಯದೆ ಬಂಡೆ ಹತ್ತಿ, ಒಂದು ಚೊಂಬು ನೀರು ತಂದು ಅತ್ತೆಯ ಕೈಗೆ ಕೊಡಬೇಕು. ಹಿಂಬದಿಯಲ್ಲಿ ಸಲೀಸಾದ ಮೇಕೆ ದಾರಿಯೂ ಇತ್ತು. ಅಳಿಯ ಅದರಲ್ಲಿ ಇಳಿಯಬಹುದು, ಹತ್ತುವಂತಿಲ್ಲ. ಎಂಥ ನ್ಯಾಯವೋ!

ಮೊದಲ ದೀಪಾವಳಿಗೆ ನಾನು ಮಾಡಿದ ತಪ್ಪು ಎರಡು. ಅಳಿಯ ಬರಿಗಾಲಲ್ಲಿ ಹೋದರೆ ಮರ್ಯಾದೆಯಲ್ಲ ಅಂತ ಆಫೀಸಿನ ಬೂಟು ಹಾಕಿಕೊಂಡು ಹೊರಟದ್ದು ಒಂದು. ಬೇಡ ಅಂದರೆ ಅತ್ತೆಗೆ ಬೇಸರವಾದೀತೆಂದು ಏಳು ಕಜ್ಜಾಯ ತಿಂದದ್ದು ಇನ್ನೊಂದು. ಎರಡಾಳೆತ್ತರದಲ್ಲಿ ಬೂಟು ಜಾರಿತು. ಹಲ್ಲಿಯ ಹಾಗೆ ಬಂಡೆಗೆ ಅಂಟಿಕೊಂಡೆ. ಆಮೇಲೆ ಕುಂಡಿ ಸವೆಸಿಕೊಂಡು ಕೆಳಗೆ ಬಂದು, "ಹೊಟ್ಟೆನೋವು" ಅಂದೆ.

"ಕಜ್ಜಾಯ ಜಾಸ್ತಿ ಆಯ್ತು ಅಂತ ಕಾಣ್ತದೆ ಅಳಿಯಂದಿರಿಗೆ," ಅಂದರು ಗೌರಿಯ ದೊಡ್ಡಪ್ಪ. ಊರಿಗೆ ಊರೇ ನಕ್ಕಿತು. ಅತ್ತೆ ಖಾಲಿ ಚೊಂಬನ್ನು ತೆಗೆದುಕೊಂಡು ಮನೆಯ ಕಡೆ ನಡೆದರು. ನನಗೆ ಸಾಯುವಷ್ಟು ನಾಚಿಕೆಯಾಯಿತು.

ಮಾಗಡಿ ರಸ್ತೆಯಲ್ಲಿ ವಾಪಸು ಬರುವಾಗ ಗೌರಿ ಸೈಕಲ್ಲಿನ ಹಿಂದೆ ಕೂತಿದ್ದಳು.

"ಬೈಯೋದಾದ್ರೆ ಬೈದ್ಬಿಡು," ಅಂದೆ.

"ಬಂಡೆ ಹತ್ಲಿಲ್ಲ ಅಂತ ಬೇಜಾರಿಲ್ಲ ಕಣ್ರೀ. ಹೆದ್ರಿದ್ದನ್ನ ಹೊಟ್ಟೆನೋವು ಅಂದ್ರಲ್ಲ, ಅದಕ್ಕೆ ಬೇಜಾರು."

ಆ ಮಾತು ಚುಚ್ಚಿತು. ಮುಂದಿನ ದೀಪಾವಳಿಗೆ ಹತ್ತಿಯೇ ತೀರುತ್ತೇನೆ ಅಂದುಬಿಟ್ಟೆ. ಅಂದಮೇಲೆ ರಾತ್ರಿಯಿಡೀ ನಿದ್ದೆ ಬರಲಿಲ್ಲ ಅನ್ನುವುದು ಬೇರೆ ಮಾತು.

ಗೌರಿ ಚಿಕ್ಕಂದಿನಲ್ಲಿ ಮೇಕೆಗಳ ಹಿಂದೆ ಓಡಿ ಅದೇ ಬಂಡೆಯನ್ನು ನೂರು ಸಲ ಹತ್ತಿದ್ದವಳು. ಅತ್ತಿಗುಪ್ಪೆಯ ಆಚೆ, ರಾಗಿ ಹೊಲಗಳ ನಡುವೆ ಒಂದು ಸಣ್ಣ ಬಂಡೆ ಹುಡುಕಿದಳು. ಭಾನುವಾರ ಬಂತೆಂದರೆ ನನಗೆ ಅಲ್ಲಿ ಪಾಠ. ಗಂಡನಿಗೆ ಹೆಂಡತಿ ಮೇಷ್ಟರಾದರೆ ಹೇಗಿರುತ್ತದೆ ಅನ್ನುವುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

"ಮೇಲೆ ಎಷ್ಟಿದೆ ನೋಡ್ಬೇಡಿ. ಕೆಳಗೆ ಎಷ್ಟಾಯ್ತು ಅಂತಾನೂ ನೋಡ್ಬೇಡಿ. ಬೆರಳು ಎಲ್ಲಿದೆ, ಪಾದ ಎಲ್ಲಿದೆ, ಅಷ್ಟೇ."

"ಭಯ ಆದ್ರೆ?"

"ಆಗ್ತಿದೆ ಅಂತ ಬಾಯ್ಬಿಟ್ಟು ಹೇಳಿ. ಒಳಗೇ ಇಟ್ಕೊಂಡ್ರೆ ಕಾಲಿಗಿಳಿಯುತ್ತೆ."

ಮರುವರ್ಷದ ದೀಪಾವಳಿ. ಬರಿಗಾಲು, ಕಚ್ಚೆ ಪಂಚೆ, ಸೊಂಟಕ್ಕೆ ಟವೆಲಿನಲ್ಲಿ ಬಿಗಿದ ಚೊಂಬು, ಹೊಟ್ಟೆಯಲ್ಲಿ ಒಂದೇ ಒಂದು ಕಜ್ಜಾಯ. ಅರ್ಧದವರೆಗೆ ಚೆನ್ನಾಗಿಯೇ ಹೋದೆ. ಅಲ್ಲಿ ಬಂಡೆ ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿತ್ತು. ಒಂದು ಕೈ ಬಿಟ್ಟು ಮೇಲಿನ ಬಿರುಕಿಗೆ ಹಾಕಬೇಕು. ಕೈ ಬಿಡಲಿಲ್ಲ. ಗೌರಿ ಹೇಳಿದ ಹಾಗೆ ಭಯ ಕಾಲಿಗಿಳಿಯತೊಡಗಿತು. ಈ ಸಲ ಹೊಟ್ಟೆನೋವು ಅನ್ನುವಂತಿಲ್ಲ. ಬಾಯಿ ತೆರೆದು ಕೂಗಿದೆ: "ಭಯ ಆಗ್ತಿದೆ!"

"ಏನಂತೆ?" ಕೆಳಗಿನಿಂದ ದೊಡ್ಡಪ್ಪನ ದನಿ.

"ಭಯ ಆಗ್ತಿದೆಯಂತೆ!" ಯಾರೋ ಹೇಳಿದರು. ನಗು ಏಳುವಷ್ಟರಲ್ಲಿ ಅತ್ತೆ ಗದರಿಸಿದ್ದು ಕೇಳಿಸಿತು: "ಆಗ್ಲಿ ಬಿಡಿ, ಹತ್ತಿ!"

ಆಗಲಿ ಬಿಡು, ಅಂದುಕೊಂಡೆ ನಾನೂ. ಉಸಿರು ಹೊರಬಂತು. ಹೆಬ್ಬೆರಳ ಪಕ್ಕದಲ್ಲೇ ಒಂದು ಇರುವೆ ನಿಧಾನವಾಗಿ ಹೋಗುತ್ತಿತ್ತು. ಬಿಸಿಲಿಗೆ ಕಲ್ಲು ಬೆಚ್ಚಗಿತ್ತು. ನಾಳೆಯ ಆಫೀಸಿಲ್ಲ, ಕಳೆದ ವರ್ಷದ ನಾಚಿಕೆಯಿಲ್ಲ. ಆ ಇರುವೆ, ಆ ಬಿರುಕು, ನನ್ನ ಬೆರಳು, ಅಷ್ಟೇ ಲೋಕ. ಕೆಳಗೆ ಗೌರಿ ನೋಡುತ್ತಿದ್ದಾಳೆ ಅನ್ನುವ ಒಂದು ಧೈರ್ಯ. ಕೈ ಬಿಟ್ಟೆ, ಹಾಕಿದೆ, ಬಿರುಕು ಸಿಕ್ಕಿತು!

ನೆತ್ತಿ ಮುಟ್ಟಿ ದೊಣೆಯ ಪಕ್ಕ ಕೂತು ಹುಚ್ಚನ ಹಾಗೆ ನಕ್ಕೆ. ಗಾಳಿ, ಆಕಾಶ, ಕೆಳಗೆ ಊರಿನವರ ಕೇಕೆ. ಮೇಕೆ ದಾರಿಯಲ್ಲಿ ಓಡಿ ಇಳಿಯುವಾಗ ಅರ್ಧ ನೀರು ಚೆಲ್ಲಿತು. ಉಳಿದರ್ಧವನ್ನು ಅತ್ತೆ ಕಣ್ಣಿಗೊತ್ತಿಕೊಂಡು ನಮ್ಮಿಬ್ಬರ ತಲೆಗೂ ಚಿಮುಕಿಸಿದರು. ಅಷ್ಟು ದೊಡ್ಡವನಾಗಿ ನಾನು ಮತ್ತೆಂದೂ ನಿಂತಿಲ್ಲ.

ಇದನ್ನೆಲ್ಲ ನೆನೆಸಿಕೊಂಡು ಈಗ ಒಳಗೆ ಹೋದೆ. ಗೌರಿ ಅವರೆಕಾಯಿ ಸುಲಿಯುತ್ತಿದ್ದಳು.

"ಅವತ್ತು ನೀನು ನೋಡ್ತಾ ಇದೀಯ ಅನ್ನೋ ಧೈರ್ಯದಲ್ಲೇ ಕಣೇ ನಾನು ಹತ್ತಿದ್ದು," ಅಂದೆ.

ಅವಳ ಕೈ ನಿಂತಿತು. "ಎಲ್ಲಿ ನೋಡ್ದೆ? ನೀವು ಭಯ ಆಗ್ತಿದೆ ಅಂತ ಕೂಗಿದ್ದೇ ತಡ, ಸೆರಗಲ್ಲಿ ಮುಖ ಮುಚ್ಕೊಂಡು ಕೂತ್ಬಿಟ್ಟೆ. ಎಲ್ಲಾರೂ ಕೇಕೆ ಹಾಕಿದ್ಮೇಲೇನೇ ಕಣ್ಬಿಟ್ಟಿದ್ದು."

"ಇಷ್ಟು ವರ್ಷ ಹೇಳ್ಲೇ ಇಲ್ವಲ್ಲೇ!"

"ಹೇಳೋಕೆ ಭಯ ಆಗ್ತಿತ್ತು," ಅಂದು ನಕ್ಕುಬಿಟ್ಟಳು.

ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಹಾಗಾದರೆ ಆ ಬಿರುಕಿನಿಂದ ನೆತ್ತಿಯವರೆಗೆ ನನ್ನನ್ನು ಯಾರೂ ಹಿಡಿದಿರಲಿಲ್ಲ, ಕಣ್ಣಿನಿಂದ ಕೂಡ. ನಾನೇ ಹತ್ತಿದ್ದೆ ಸ್ವಾಮಿ, ನಾನೇ!